ನಮ್ಮ ಜೀಪಿಗೆ ಮತ್ತೆ ಸಣ್ಣ ಟೈಯರು

ನಮ್ಮ ಜೀಪಿನ ಹಳೇ ಫೋಟೊ ನೋಡಿದವರು ಈಗಲೂ ಕೇಳುತ್ತಾರೆ, ‘ಆ ದಪ್ಪ ಟೈಯರು, ಮೇಲಿನ ಲೈಟು ಎಲ್ಲ ಏನಾಯ್ತು ಮಾರಾಯ್ರೆ?’ ಮಾರಿದೆವು ಅಂದರೆ ನಗುತ್ತಾರೆ. ದುಡ್ಡಿಗೆ ಕಷ್ಟ ಬಂತೇನೋ ಅಂದುಕೊಳ್ಳುತ್ತಾರೆ. ದುಡ್ಡಿನ ಕಷ್ಟ ನಮಗೆ ಯಾವಾಗಲೂ ಇದ್ದದ್ದೇ, ಮಾರಿದ್ದು ಅದಕ್ಕಲ್ಲ.

ನಾವು ಮೂವರು. ಮೂವರೂ ಬೇರೆ ಬೇರೆ ಪತ್ರಿಕೆಗೆ ಸುದ್ದಿ ಕಳಿಸುವವರು. ಕಳಸದ ಕಡೆ ಮಳೆಗಾಲದ ಸುದ್ದಿ ಎಲ್ಲವೂ ಟಾರು ರೋಡಿನ ಪಕ್ಕ ಸಿಗುವುದಿಲ್ಲ. ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿದರೆ ಬೈಕಿನಲ್ಲಿ ಹೋಗಿ ಫೋಟೊ ತೆಗೆದು ಬರಬಹುದು. ಗುಡ್ಡ ಜರಿದ ಕಡೆಗೆ ಬೈಕು ಹೋಗುವುದಿಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದಾಗ ನಾವು ಯಾರದೋ ಪಿಕಪ್ಪಿಗೆ ಕಾದು ಕಾದು ಸಾಕಾಗಿ ಹೋಗಿತ್ತು. ಆಮೇಲೆ ಮೂವರೂ ದುಡ್ಡು ಕೂಡಿಸಿ ಒಂದು ಹಳೇ ಜೀಪು ತಗೊಂಡೆವು. ಮಹೀಂದ್ರ ಎಂಎಂ 540.

ಈ ಗಾಡಿ ನಮ್ಮ ಘಟ್ಟದವರಿಗೆ ಹೊಸದಲ್ಲ. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದವರು ಮಾಡಿದ ವಿಲ್ಲಿಸ್ ಜೀಪಿನ ವಂಶವೇ ಇದು. ಸ್ವಾತಂತ್ರ್ಯ ಬಂದ ಕಾಲಕ್ಕೆ ಮಹೀಂದ್ರದವರು ಆ ಜೀಪಿನ ಬಿಡಿಭಾಗ ತರಿಸಿ ಜೋಡಿಸಲು ಶುರುಮಾಡಿದರು, ಮುಂದೆ ಇಲ್ಲೇ ಮಾಡಿದರು. ಎಂಎಂ 540ಕ್ಕೆ ಇರುವುದು ಫ್ರಾನ್ಸಿನ ಪ್ಯೂಜೊ ಕಂಪನಿಯ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್ನು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸ್ಪಾನರ್ ಹಿಡಿಯಲು ಬರುವವರು ಯಾರಾದರೂ ಬಿಚ್ಚಬಹುದು. ತಿರುಗಿ ಕೂಡಿಸಲು ಮಾತ್ರ ನಮ್ಮ ಗ್ಯಾರೇಜಿನ ಕಾಕನೇ ಬೇಕು.

ತಗೊಂಡ ದಿನವೇ ಕಾಕ ಜೀಪಿನ ಕೆಳಗೆ ಮಲಗಿ ಅರ್ಧ ಗಂಟೆ ನೋಡಿದರು. ಎದ್ದು ಬಂದು ಮೈಗೆ ಹತ್ತಿದ ಮಣ್ಣು ಕೊಡವಿಕೊಂಡು, ‘ಗಾಡಿ ಒಳ್ಳೇದುಂಟು. ತಿಂಗಳಿಗೊಮ್ಮೆ ಗ್ರೀಸ್ ಹೊಡೀರಿ, ಮುಂದಿನ ಹಬ್ ತಿರುಗಿಸಿ ನೋಡ್ತಾ ಇರಿ. ಬೇರೆ ಎಂತದೂ ಬೇಡ’ ಅಂದರು. ನಾವು ಹೂಂ ಅಂದೆವು. ಅವರು ಹೇಳಿದ್ದು ಅಷ್ಟೇ, ನಾವು ಮಾಡದೆ ಬಿಟ್ಟದ್ದೂ ಅಷ್ಟನ್ನೇ.

ಹಬ್ ಅಂದರೆ ಏನೆಂದು ಜೀಪು ಇಲ್ಲದವರಿಗೆ ಹೇಳಬೇಕು. ಈ ಜೀಪಿನ ದೊಡ್ಡ ಗೇರಿನ ಪಕ್ಕ ಎರಡು ಕುಳ್ಳ ಲಿವರ್ ಇವೆ. ಒಂದನ್ನು ಹಾಕಿದರೆ ಎಂಜಿನ್ನಿನ ಬಲ ಹಿಂದಿನ ಚಕ್ರದ ಜೊತೆಗೆ ಮುಂದಿನ ಚಕ್ರಕ್ಕೂ ಹೋಗುತ್ತದೆ. ‘ಫೋರ್‌ವೀಲ್ ಹಾಕು’ ಅನ್ನುವುದು ಇದಕ್ಕೇ. ಇನ್ನೊಂದು ‘ಲೋ’. ಅದನ್ನು ಹಾಕಿದರೆ ವೇಗ ಅರ್ಧಕ್ಕಿಂತ ಕೆಳಗೆ ಇಳಿದು ಎಳೆಯುವ ಶಕ್ತಿ ಸುಮಾರು ಎರಡೂವರೆ ಪಟ್ಟು ಆಗುತ್ತದೆ. ಕೆಲವು ಜೀಪುಗಳಲ್ಲಿ ಇದರ ಜೊತೆಗೆ ಮುಂದಿನ ಎರಡೂ ಚಕ್ರದ ನಡುವೆ ತಿರುಗಿಸುವ ಬಿಲ್ಲೆಯಂಥದ್ದು ಇರುತ್ತದೆ. ಅದೇ ಹಬ್ ಲಾಕು. ನಮ್ಮದಕ್ಕೆ ಹಿಂದಿನ ಮಾಲೀಕರು ಹಾಕಿಸಿದ್ದರು. ಅದನ್ನು ‘ಫ್ರೀ’ಯಲ್ಲಿ ಇಟ್ಟರೆ ಮುಂದಿನ ಶಾಫ್ಟುಗಳು ಸುಮ್ಮನೆ ತಿರುಗಿ ಸವೆಯುವುದಿಲ್ಲ, ಡೀಸೆಲ್ಲೂ ಸ್ವಲ್ಪ ಉಳಿಯುತ್ತದೆ. ಫೋರ್‌ವೀಲ್ ಬೇಕಾದಾಗ ಕೆಳಗಿಳಿದು ಎರಡನ್ನೂ ‘ಲಾಕ್’ಗೆ ತಿರುಗಿಸಬೇಕು.

ಎರಡನ್ನೂ. ಒಂದು ಮಾತ್ರ ಲಾಕ್ ಆದರೆ ಅರ್ಧ ಬಲವಾದರೂ ಬಂದೀತು ಅಂದುಕೊಂಡಿದ್ದೆವು ನಾವು. ಬರುವುದಿಲ್ಲ. ಮುಂದಿನ ಡಿಫರೆನ್ಷಿಯಲ್ಲು ಯಾವ ಕಡೆ ಹಗುರವೋ ಆ ಕಡೆಗೇ ತಿರುಗುತ್ತದೆ. ಫ್ರೀ ಇರುವ ಕಡೆಯ ಶಾಫ್ಟು ಒಳಗೊಳಗೇ ಗಿರ್ರನೆ ತಿರುಗುತ್ತದೆ, ಇನ್ನೊಂದು ಚಕ್ರ ಅಲುಗುವುದೂ ಇಲ್ಲ.

ಹೀಗೆ ಒಂದು ವರ್ಷ ಜೀಪು ಓಡಿತು. ಅಷ್ಟರಲ್ಲಿ ಒಂದು ಭಾನುವಾರ ಕಾಫಿ ತೋಟವೊಂದರಲ್ಲಿ ನಡೆದ ಜೀಪುಗಳ ರ‍್ಯಾಲಿ ವರದಿಗೆ ಹೋದೆವು. ಬೆಂಗಳೂರು, ಮಂಗಳೂರಿನಿಂದ ಬಂದ ಗಾಡಿಗಳು. ಎದೆಯೆತ್ತರದ ಟೈಯರು, ಮುಂದೆ ವಿಂಚು, ಮೇಲೆ ಸಾಲಾಗಿ ಲೈಟು. ಕೆಸರಿನ ಗುಂಡಿಯಲ್ಲಿ ಹೊರಳಾಡಿ ಎದ್ದು ಬರುತ್ತಿದ್ದವು. ಸುದ್ದಿ ಎರಡು ಕಾಲಂ ಬಂತು. ಹುಚ್ಚು ಮಾತ್ರ ನಮ್ಮ ಜೊತೆ ಮನೆಗೆ ಬಂತು.

ದೀಪಾವಳಿ ವಿಶೇಷಾಂಕದ ಜಾಹೀರಾತು ಕಮಿಷನ್ ಬಂದಿತ್ತು. ಮೂವರದ್ದೂ ಸೇರಿಸಿ, ಮೇಲೆ ಸಾಲ ಮಾಡಿ, ದಪ್ಪ ಟೈಯರು, ಅದಕ್ಕೆ ತಕ್ಕ ಡಿಸ್ಕು, ಎಲ್‌ಇಡಿ ಲೈಟು ಹಾಕಿಸಿದೆವು. ಹತ್ತಿರ ಹತ್ತಿರ 70 ಸಾವಿರ ಹೋಯಿತು. ಕಾಕ ಆ ಕೆಲಸಕ್ಕೆ ಕೈ ಹಾಕಲಿಲ್ಲ. ‘ನಂಗೆ ಅದೆಲ್ಲ ಗೊತ್ತಿಲ್ಲ’ ಅಂದರು. ಅವರಿಗೆ ಗೊತ್ತಿಲ್ಲದ ವಿಷಯ ಅದಲ್ಲ ಅನ್ನುವುದು ನಮಗೂ ಗೊತ್ತಿತ್ತು. ಪೇಟೆಗೆ ಹೋಗಿ ಹಾಕಿಸಿಕೊಂಡು ಬಂದೆವು.

ಇದು ಕಾನೂನಿಗೂ ವಿರುದ್ಧ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇವೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಖಚಿತ ಮಾಡಿತು. ಮುಂದೆ ಹಾಕಿಸುವ ಕಬ್ಬಿಣದ ಗಾರ್ಡಿನ ಮೇಲೆ ಕ್ರಮ ತಗೊಳ್ಳಿ ಎಂದು ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಈ ಬಗ್ಗೆ ಸುದ್ದಿ ಬರೆದವರೂ ನಾವೇ, ಟೈಯರು ಹಾಕಿಸಿದವರೂ ನಾವೇ.

ದಪ್ಪ ಟೈಯರು ಹಾಕಿದ ಮೇಲೆ ಸ್ಟೇರಿಂಗು ಪೂರ್ತಿ ತಿರುಗಿಸಿದರೆ ಟೈಯರು ಕಮಾನಿಗೆ ಉಜ್ಜುತ್ತಿತ್ತು. ಬ್ರೇಕು ಮೊದಲಿಗಿಂತ ಉದ್ದ ಎಳೆಯುತ್ತಿತ್ತು. ಮೀಟರು ಕಡಿಮೆ ತೋರಿಸುತ್ತಿತ್ತು, ಯಾಕಂದರೆ ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಇದೆಲ್ಲ ಗೊತ್ತಾಗುತ್ತಿತ್ತು. ಆದರೂ ಪೇಟೆಯಲ್ಲಿ ಜೀಪು ನಿಲ್ಲಿಸಿದರೆ ಹುಡುಗರು ಬಂದು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರಲ್ಲ, ಅದು ಸಾಕಿತ್ತು ನಮಗೆ.

ಆಮೇಲೆ ಆ ಜುಲೈ ಬಂತು.

ಮಳೆ ಒಂದು ದಿನ ಹೊಳವು ಕೊಟ್ಟಿತ್ತು. ಅಡಿಕೆ ತೋಟದವರಿಗೆ ಹೊಳವು ಅಂದರೆ ಔಷಧಿ ಹೊಡೆಯುವ ದಿನ. ಮೈಲುತುತ್ತ, ಸುಣ್ಣ ಕಲಸಿ ಮರ ಹತ್ತಿ ಹೊಡೆಯದಿದ್ದರೆ ಕೊಳೆರೋಗಕ್ಕೆ ಗೊನೆಯೇ ಉಳಿಯುವುದಿಲ್ಲ. ಮರದ ಪಾಚಿ ಮಾತ್ರ ಒಂದು ದಿನದ ಬಿಸಿಲಿಗೆ ಒಣಗುವುದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ನಮಗೆ ಫೋನು ಬಂತು. ಟಾರು ರೋಡಿನಿಂದ ಆರು ಕಿಲೋಮೀಟರ್ ಒಳಗಿನ ಆರು ಮನೆಗಳ ಊರು. ಮರ ಹತ್ತಿದವರು ಬಿದ್ದಿದ್ದಾರೆ. ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿಲ್ಲವಂತೆ. 108 ಟಾರು ರೋಡಿನವರೆಗೆ ಬರುತ್ತದೆ, ಮುಂದಕ್ಕೆ ಬರುವುದಿಲ್ಲ. ‘ನಿಮ್ಮದು ದೊಡ್ಡ ಜೀಪಲ್ವಾ, ಬೇಗ ಬನ್ನಿ ಅಣ್ಣ’ ಅಂದ ಅವರ ಮಗ.

ಹೋದೆವು. ಇಳಿಜಾರು, ಹಳ್ಳ ದಾಟುವುದು, ಆಮೇಲೆ ಒಂದು ಸಣ್ಣ ಏರು. ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಊರಿನವರು ಬುದ್ಧಿವಂತರು, ಅವರನ್ನು ಎತ್ತಿ ಕೂರಿಸಿರಲಿಲ್ಲ. ಕೊಟ್ಟಿಗೆಯ ಬಾಗಿಲಿನ ಹಲಗೆ ಕಳಚಿ, ನಾಲ್ಕು ಜನ ಸೇರಿ ಮೈ ತಿರುಚದಂತೆ ಅದರ ಮೇಲೆ ಜಾರಿಸಿ ಮಲಗಿಸಿ, ಹಣೆ, ಎದೆ, ತೊಡೆಗೆ ಪಂಚೆಯಿಂದ ಕಟ್ಟಿದ್ದರು. ಬೆನ್ನಿಗೆ ಪೆಟ್ಟಾದವರನ್ನು ಹಾಗೇ ಒಯ್ಯಬೇಕು. ಜೀಪಿನ ಹಿಂದೆ ಹಲಗೆ ಪೂರ್ತಿ ಹಿಡಿಸಲಿಲ್ಲ, ಹಿಂಬಾಗಿಲು ಬಿಚ್ಚಿ, ಇಬ್ಬರು ಹಿಡಿದುಕೊಂಡು ಕೂತರು.

ಹೊರಡುವ ಹೊತ್ತಿಗೆ ಮಳೆ ಮತ್ತೆ ಹಿಡಿಯಿತು. ಹಳ್ಳ ದಾಟಿದೆವು. ಆಮೇಲಿನ ಏರಿನಲ್ಲಿ ಒಂದು ಕಡಿದಾದ ತಿರುವಿದೆ, ಅಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗತೊಡಗಿತು. ಫೋರ್‌ವೀಲ್ ಹಾಕಿದೆವು. ಇಳಿದು ಹಬ್ ತಿರುಗಿಸಲು ಹೋದರೆ ಎಡಗಡೆಯದು ತಿರುಗಿತು. ಬಲಗಡೆಯದು ಜಪ್ಪಯ್ಯ ಅಂದರೂ ಇಲ್ಲ. ತುಕ್ಕು, ಒಣಗಿ ಕಲ್ಲಾದ ಗ್ರೀಸು. ಒಂದೂವರೆ ವರ್ಷದಲ್ಲಿ ನಾವು ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ.

ಚೈನು ಕಟ್ಟೋಣ ಅಂದುಕೊಂಡೆವು. ಜೀಪಿನ ಜೊತೆಗೇ ಬಂದ ಹಳೇ ಚೈನು ಸೀಟಿನ ಕೆಳಗೇ ಇತ್ತು. ನಮ್ಮ ಕಡೆ ತೋಟದ ಜೀಪಿನವರು ಮಳೆಗಾಲ ಪೂರ್ತಿ ಟೈಯರಿಗೆ ಚೈನು ಕಟ್ಟಿಕೊಂಡೇ ಓಡಿಸುತ್ತಾರೆ. ತೆಗೆದು ಸುತ್ತಿದರೆ ಒಂದು ಗೇಣು ಸಾಲದು. ಅದು ಹಳೇ ಸಣ್ಣ ಟೈಯರಿನ ಅಳತೆಗೆ ಕತ್ತರಿಸಿದ ಚೈನು.

ಟೈಯರಿನ ಗಾಳಿ ಇಳಿಸಿದೆವು. ಗಾಳಿ ಕಡಿಮೆಯಾದರೆ ಟೈಯರು ಚಪ್ಪಟೆಯಾಗಿ ಹೆಚ್ಚು ಜಾಗ ಹಿಡಿಯುತ್ತದೆ, ಮರಳಿನಲ್ಲಿ ಅದು ನಿಜಕ್ಕೂ ಕೆಲಸ ಮಾಡುತ್ತದೆ. ನಮ್ಮ ಕೆಸರಿನ ಸ್ವಭಾವ ಬೇರೆ. ಮೇಲೆ ನಾಲ್ಕು ಬೆರಳು ಲೊಳೆ, ಕೆಳಗೆ ಗಟ್ಟಿ ನೆಲ. ಸಣ್ಣ ಟೈಯರು ಆ ಲೊಳೆಯನ್ನು ಸೀಳಿಕೊಂಡು ಗಟ್ಟಿ ನೆಲ ಹಿಡಿಯುತ್ತದೆ. ಅಗಲ ಟೈಯರು ಲೊಳೆಯ ಮೇಲೇ ಬೆಣ್ಣೆಯ ಮೇಲೆ ಕೂತ ಹಾಗೆ ಕೂರುತ್ತದೆ. ಕಲ್ಲು ಇಟ್ಟೆವು, ಸೊಪ್ಪು ಹಾಕಿದೆವು. ಎಂಜಿನ್ ಕೂಗಿದಾಗಲೆಲ್ಲ ಜೀಪು ಪಕ್ಕಕ್ಕೆ ಸರಿಯುತ್ತಿತ್ತು, ಹಲಗೆಯ ಮೇಲಿದ್ದವರು ಹಲ್ಲು ಕಚ್ಚುತ್ತಿದ್ದರು. ಕೊನೆಗೆ ಅವರೇ, ‘ಸಾಕು, ನಿಲ್ಸಿ ಮಾರಾಯ್ರೆ’ ಅಂದರು.

ಹೆಗಲ ಮೇಲೆ ಹೊತ್ತುಕೊಂಡು ಹೋಗುವುದೋ, ಕಾಯುವುದೋ ಎಂಬ ಚರ್ಚೆಯಾಯಿತು. ಜಾರಿ ಹಲಗೆ ಬಿದ್ದರೆ ಗತಿ ಏನು? ಅವರ ಮಗ ಓಡಿಹೋಗಿ ಪಕ್ಕದ ಎಸ್ಟೇಟಿನ ಜೀಪು ಕರೆದುಕೊಂಡು ಬಂದ. ನಮ್ಮದಕ್ಕಿಂತ ಹಳೆಯದು. ಬಣ್ಣ ಇರಲಿಲ್ಲ, ಒಂದು ಹೆಡ್‌ಲೈಟು ಇರಲಿಲ್ಲ. ಸಣ್ಣ ಟೈಯರು, ಹಿಂದೆ ಎರಡಕ್ಕೂ ಚೈನು. ಡ್ರೈವರು ಮೇಲಿಂದ ರಿವರ್ಸಿನಲ್ಲಿ ಇಳಿಸಿ ತಂದು, ಹಲಗೆ ಹಾಕಿಕೊಂಡು, ಲೋ ಒಂದನೇ ಗೇರಿನಲ್ಲಿ ಆಕ್ಸಿಲರೇಟರ್ ಹೆಚ್ಚು ತುಳಿಯದೆ ಆಮೆ ಹೋದಂತೆ ಹತ್ತಿಸಿಕೊಂಡು ಹೋದರು. ನಮ್ಮ ಎಲ್‌ಇಡಿ ಲೈಟು ಅವರಿಗೆ ದಾರಿ ತೋರಿಸಿತು. ಆ ದಿನ ಅದು ಮಾಡಿದ ಕೆಲಸ ಅಷ್ಟೇ.

ನಾವು ಅಲ್ಲಿ ಸಿಕ್ಕಿಬಿದ್ದದ್ದು ಒಂದೂ ಮುಕ್ಕಾಲು ಗಂಟೆ.

ಅವರನ್ನು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಒಯ್ದರು. ಆಪರೇಷನ್ ಆಯಿತು. ಜೀವ ಉಳಿಯಿತು. ಬಲಗಾಲಿಗೆ ಸ್ವಲ್ಪ ಶಕ್ತಿ ಬಂದಿದೆ, ಎಡಗಾಲಿಗೆ ಬಂದಿಲ್ಲ. ಆ ಒಂದೂ ಮುಕ್ಕಾಲು ಗಂಟೆ ಮೊದಲು ತಲುಪಿದ್ದರೆ ಬೇರೆ ಏನಾದರೂ ಆಗುತ್ತಿತ್ತೇ ಅಂತ ನಾವು ಡಾಕ್ಟರನ್ನು ಕೇಳಲಿಲ್ಲ. ಕೇಳುವ ಧೈರ್ಯ ಮೂವರಿಗೂ ಇರಲಿಲ್ಲ. ಸುದ್ದಿಯನ್ನೇನೋ ಬರೆದೆವು: ‘ರಸ್ತೆ ಇಲ್ಲದೆ ಗಾಯಾಳು ಪರದಾಟ’. ರಸ್ತೆ ಇಲ್ಲದ್ದು ನಿಜ. ಹಬ್ ತಿರುಗದ ವಿಷಯ ಆ ಸುದ್ದಿಯಲ್ಲಿ ಇರಲಿಲ್ಲ.

ಮರುದಿನ ಜೀಪು ಎಳೆಸಿಕೊಂಡು ಕಾಕನ ಹತ್ತಿರ ಹೋದೆವು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಬ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿ ನಮ್ಮ ಕೈಯಲ್ಲೇ ಹತ್ತು ಸಲ ತಿರುಗಿಸಿದರು. ಆಮೇಲೆ ಡಿಫರೆನ್ಷಿಯಲ್ಲಿನ ಆಯಿಲ್ ಬೋಲ್ಟು ಬಿಚ್ಚಿದರೆ ಹಾಲು ಹಾಕಿದ ಕಾಫಿಯಂಥದ್ದು ಬಂತು. ಒಳಗೆ ನೀರು ಸೇರಿದೆ ಅನ್ನುವುದಕ್ಕೆ ಅದೇ ಗುರುತು. ಓಡಿ ಬಿಸಿಯಾದ ಡಿಫರೆನ್ಷಿಯಲ್ಲು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನಿಂದಲೋ ಉಸಿರು ಕೊಳವೆಯಿಂದಲೋ ನೀರು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ದೊಡ್ಡ ಹಳ್ಳವಾದರೆ ಇಳಿಯುವ ಮೊದಲು ಹತ್ತು ನಿಮಿಷ ನಿಲ್ಲಿಸಬೇಕು. ಎಂಜಿನ್ನಿನ ಗಾಳಿ ಎಳೆಯುವ ಬಾಯಿಗಿಂತ ನೀರು ಮೇಲೆ ಬರುವಂತಿದ್ದರೆ ಇಳಿಯಲೇಬಾರದು. ನೀರು ಎಂಜಿನ್ ಒಳಗೆ ಹೋದರೆ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಸ್ವಲ್ಪ ದೂರ ಹೋಗಬೇಕು, ಒದ್ದೆಯಾದ ಡ್ರಮ್ ಬ್ರೇಕು ತಕ್ಷಣ ಹಿಡಿಯುವುದಿಲ್ಲ.

ಟೈಯರು, ಲೈಟು ಮಾರಿ ಬಂದ ದುಡ್ಡಿಗೆ ಹಳೇ ಅಳತೆಯ ನಾಲ್ಕು ಟೈಯರು, ಬ್ರೇಕಿನ ಲೈನರ್, ಶಾಫ್ಟಿನ ಕ್ರಾಸುಗಳು, ಸೀಲುಗಳು ಬಂದವು. ಒಂದು ಗ್ರೀಸ್ ಗನ್ನೂ ಬಂತು. ತಿಂಗಳ ಮೊದಲ ಭಾನುವಾರ ಮೂವರಲ್ಲಿ ಒಬ್ಬರು ಜೀಪಿನ ಕೆಳಗೆ ಹೋಗಬೇಕು. ಎರಡೂ ಹಬ್ ತಿರುಗಿಸಿ, ಫೋರ್‌ವೀಲ್ ಹಾಕಿ ಮಣ್ಣಿನ ರೋಡಿನಲ್ಲಿ ಒಂದು ಕಿಲೋಮೀಟರ್ ಓಡಿಸಬೇಕು. ಮಣ್ಣಿನಲ್ಲಿ ಯಾಕೆಂದರೆ ಒಣ ಟಾರಿನಲ್ಲಿ ಫೋರ್‌ವೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಸುತ್ತುತ್ತದೆ, ಮಣ್ಣಾದರೆ ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಆ ಬಿಗಿಯೆಲ್ಲ ಗೇರಿನ ಹಲ್ಲಿಗೆ ಬೀಳುತ್ತದೆ.

ಈ ಏಪ್ರಿಲಿನಲ್ಲಿ ಆ ಊರಿಗೆ ಹೋಗಿದ್ದೆವು. ಅವರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ‘ಟೈಯರು ಸಪೂರ ಆಯ್ತಲ್ಲ?’ ಅಂದರು. ನಡೆದದ್ದನ್ನು ಹೇಳಿದೆವು, ಹಬ್ಬಿನ ವಿಷಯ, ಚೈನಿನ ವಿಷಯ, ಎಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನಿಗೆ ಕಾಫಿ ತರಲು ಹೇಳಿದರು. ಆಮೇಲೆ, ‘ನಂಗೂ ಮರ ಒದ್ದೆ ಉಂಟು ಅಂತ ಗೊತ್ತಿತ್ತು’ ಅಂದರು.

ಹೊರಡುವಾಗ ಆ ಕೊಟ್ಟಿಗೆ ಬಾಗಿಲಿನ ಹಲಗೆ ಅಳೆದುಕೊಂಡು ಬಂದೆವು. ಆರಡಿ ಎರಡಿಂಚು. ಈಗ ಹಿಂದಿನ ಸೀಟು ಮಡಚಿದರೆ ಅಷ್ಟು ಉದ್ದದ ಹಲಗೆ ಓರೆಯಾಗಿ ಕೂರುತ್ತದೆ. ಕಟ್ಟಲು ಎರಡೂ ಬದಿಗೆ ಎರಡೆರಡು ಕೊಕ್ಕೆ ಹಾಕಿಸಿದ್ದೇವೆ. ಕಾಕ ದುಡ್ಡು ತಗೊಳ್ಳಲಿಲ್ಲ.