ಸಾರ್ವಜನಿಕರ ದೂರಿನ ಮೇರೆಗೆ

ಅರ್ಜಿ ಬರೆಯುವುದರಲ್ಲಿ ನನ್ನದು ಪಳಗಿದ ಕೈ. ಬೆಂಗಳೂರಿನಲ್ಲಿದ್ದಷ್ಟು ಕಾಲ ರಸ್ತೆಗುಂಡಿ, ಉರಿಯದ ಬೀದಿದೀಪ, ಖಾಲಿ ಸೈಟಿನ ಕಸ, ಯಾವುದು ಕಂಡರೂ ಫೋಟೋ ತೆಗೆದು ಪಾಲಿಕೆಗೆ ಕಳಿಸುತ್ತಿದ್ದೆ. ಕಸ ಸುರಿದವನ ಮುಖ ನನಗೆ ಗೊತ್ತಿರುತ್ತಿರಲಿಲ್ಲ, ನನ್ನ ಮುಖ ಅವನಿಗೂ ಗೊತ್ತಿರುತ್ತಿರಲಿಲ್ಲ. ಕೋವಿಡ್ ಕಾಲ ಕಳೆದ ಮೇಲೆ ಮಳವಳ್ಳಿ ತಾಲ್ಲೂಕಿನ ನಮ್ಮೂರಿಗೆ ವಾಪಸು ಬಂದೆ. ಬೆಳಕವಾಡಿಯ ಆಸುಪಾಸಿನ ಹಳ್ಳಿ. ಹೆಸರು ಬೇಡ, ಇದರಲ್ಲಿ ಬರುವವರೆಲ್ಲ ಇನ್ನೂ ಅಲ್ಲೇ ಇದ್ದಾರೆ, ನಾನೂ ಸೇರಿ.

ಪಂಚಾಯ್ತಿಯ ಮೇಲೆ ದೂರಿಲ್ಲದ ಮನೆ ನಮ್ಮ ಕಡೆ ಇಲ್ಲ. ಆಲೆಮನೆಯ ಹೊಗೆ, ನಾಲೆಗೆ ಚೀಲಗಟ್ಟಲೆ ಎಸೆಯುವ ಕೋಳಿ ಪುಕ್ಕ, ಹಬ್ಬ ಬಂದರೆ ಸರಿರಾತ್ರಿಯವರೆಗೆ ಕೂಗುವ ಮೈಕ್‌ಸೆಟ್ಟು. ಮೈಕಿನ ವಿಚಾರದಲ್ಲಿ ಪಂಚಾಯ್ತಿಯನ್ನು ಬೈಯುವುದು ಸುಮ್ಮನೆ ಬಾಯಿಚಪಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ನಿಲ್ಲಿಸಬೇಕಾದವರು ಪೊಲೀಸರು, ಅವರ ಠಾಣೆ ಬೆಳಕವಾಡಿಯಲ್ಲೇ ಇದೆ. ಆದರೆ ಚರಂಡಿ, ಕಸ, ತಿಪ್ಪೆ ಪಂಚಾಯ್ತಿಯದ್ದೇ ಬಾಬತ್ತು. ನನ್ನ ದೂರು ಅಲ್ಲಿಂದ ಶುರುವಾಯಿತು.

ನಮ್ಮ ಬೀದಿಯ ಚರಂಡಿ ನಾರುತ್ತಿತ್ತು. ಸಂಜೆಯಾದರೆ ಜಗಲಿಯ ಮೇಲೆ ಕೂರಲಾಗದಷ್ಟು ಸೊಳ್ಳೆ. ಚರಂಡಿಯ ಪಕ್ಕದಲ್ಲೇ ಮೂಲೆಮನೆಯವಳ ತಿಪ್ಪೆ. ಊರ ವರಸೆಯಲ್ಲಿ ಆಕೆ ನನಗೆ ಚಿಕ್ಕವ್ವ. ಗಂಡ ಇಲ್ಲ, ಮಗ ಬಿಡದಿಯಲ್ಲಿ ಕೆಲಸಕ್ಕಿದ್ದಾನೆ, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಬದುಕುತ್ತಿದ್ದಳು. ವಾಸನೆಗೂ ತಿಪ್ಪೆಗೂ ನನ್ನ ತಲೆಯಲ್ಲಿ ಗಂಟು ಬಿತ್ತು. ಪಂಚಾಯ್ತಿಗೆ ಅರ್ಜಿ ಕೊಟ್ಟೆ, ಸ್ವೀಕೃತಿಗೆ ಸೀಲು ಹಾಕಿಸಿಕೊಂಡೆ. ಪಿಡಿಒ ಕೇಳಿದ್ದು ಒಂದೇ ಮಾತು: ‘ನಿಮ್ಗೂ ಅವರ್ಗೂ ಏನಾರ ಹಳೇ ತಕರಾರಿದ್ಯಾ ಸಾರ್?’ ನನಗೆ ಉರಿದುಹೋಯಿತು. ನಾನು ಸಾರ್ವಜನಿಕ ಆರೋಗ್ಯದ ಮಾತಾಡುತ್ತಿದ್ದರೆ ಈತ ದಾಯಾದಿ ಜಗಳ ಹುಡುಕುತ್ತಿದ್ದಾನೆ ಅನ್ನಿಸಿತು.

ಸದಸ್ಯರ ಹತ್ತಿರ ಹೋದರೆ ‘ನೋಡನ ತಗಳಿ’ ಅಂದರು. ಜಿಲ್ಲಾ ಪಂಚಾಯ್ತಿಗೆ ಬರೆದೆ. ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ಅದೇ ಪಂಚಾಯ್ತಿಗೆ ವಾಪಸು ಕಳಿಸಿದ ಪತ್ರದ ಪ್ರತಿ ನನಗೂ ಬಂತು. 1902ಕ್ಕೆ ಫೋನು ಮಾಡಿದೆ. ಜನಸ್ಪಂದನ ಸಹಾಯವಾಣಿಯ ಆ ಸಂಖ್ಯೆ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ, ಪಕ್ಕದ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿದ ವರ್ಷ ಅದೇ. ಕೆಲವು ದಿನದಲ್ಲಿ ಮೊಬೈಲಿಗೆ ಸಂದೇಶ ಬಂತು, ದೂರನ್ನು ವಿಲೇವಾರಿ ಮಾಡಲಾಗಿದೆ ಎಂದು. ಚರಂಡಿ ಮಾತ್ರ ಇದ್ದ ಹಾಗೇ ಇತ್ತು.

ಕೊನೆಗೆ ಕಾನೂನನ್ನೇ ಹಿಡಿದೆ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಜನ ತೆರೆದ ಚರಂಡಿ, ಮಲಮೂತ್ರದ ನಾತ ತಾಳಲಾರದೆ ಮ್ಯಾಜಿಸ್ಟ್ರೇಟರ ಮುಂದೆ ಹೋದ ಪ್ರಕರಣ. ಅಪರಾಧ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಡಿ ಚರಂಡಿ ಕಟ್ಟಿಸುವಂತೆ ಮ್ಯಾಜಿಸ್ಟ್ರೇಟರು ಪುರಸಭೆಗೆ ಆದೇಶ ಕೊಟ್ಟರು. ಸೆಷನ್ಸ್ ಕೋರ್ಟು ಅದನ್ನು ತಳ್ಳಿಹಾಕಿತು, ಹೈಕೋರ್ಟು ಎತ್ತಿಹಿಡಿಯಿತು. ದುಡ್ಡಿಲ್ಲ ಎಂದು ಪುರಸಭೆ ಸುಪ್ರೀಂ ಕೋರ್ಟಿಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಕೈಯಲ್ಲಿ ಕಾಸಿಲ್ಲ ಎಂಬುದು ಕರ್ತವ್ಯದಿಂದ ಜಾರಿಕೊಳ್ಳಲು ನೆಪವಾಗದು ಎಂದು ತೀರ್ಪು ಕೊಟ್ಟರು. ಅದೇ ಕಲಮು ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152 ಆಗಿದೆ. ಈ ತೀರ್ಪನ್ನು ಉಲ್ಲೇಖಿಸಿ, ಉಪವಿಭಾಗಾಧಿಕಾರಿಗಳಿಗೆ ದೂರು ಕೊಡುವುದಾಗಿ ಪಂಚಾಯ್ತಿಗೆ ಬರೆದೆ. ಜೊತೆಗೆ ತಿಪ್ಪೆಯ ಫೋಟೋ.

ಈ ಬಾರಿ ಕೆಲಸವಾಯಿತು. ಹೇಗೆ ಆಯಿತೆಂದರೆ, ಒಂದು ಬೆಳಗ್ಗೆ ಚಿಕ್ಕವ್ವ ಕಾಗದ ಹಿಡಿದುಕೊಂಡು ನಮ್ಮ ಮನೆಗೇ ಬಂದಳು. ‘ನೀರುಗಂಟಿ ಕೊಟ್ಟೋದ ಕಣ್ಲಾ ಮಗ, ಏನ್ ಬರ್ದವ್ರೆ ವಸಿ ಓದೇಳು.’

ಮಡಿಚಿದ ಒಂದು ಹಾಳೆ, ಮೂಲೆಯಲ್ಲಿ ಸಗಣಿ ಕೈಯ ಗುರುತು. ಉಲ್ಲೇಖ: ಸಾರ್ವಜನಿಕರ ದೂರು. ಆ ಸಾರ್ವಜನಿಕರು ನಾನೊಬ್ಬನೇ. ‘ಸದರಿ ತಿಪ್ಪೆಯಿಂದ ದುರ್ವಾಸನೆ ಹಾಗೂ ಸೊಳ್ಳೆಗಳ ಉಪಟಳ ಹೆಚ್ಚಾಗಿದ್ದು’ ಎಂಬ ಸಾಲು ನನ್ನ ಅರ್ಜಿಯಿಂದ ಇಳಿದು ಬಂದದ್ದು, ಒಂದಕ್ಷರ ಬದಲಾಗಿರಲಿಲ್ಲ. ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ದಂಡ. ಓದಿ ಹೇಳಿದೆ. ಯಾರು ದೂರು ಕೊಟ್ಟವರು ಅಂತ ಆಕೆ ಕೇಳಲಿಲ್ಲ. ‘ಎಲ್ಲಿಗೆ ಹೊತ್ಕಂಡೋಗ್ಲಿ ಮಗ, ನಂಗೇನು ಹೊಲಾನ ಮನೇನ’ ಅಂದಳು. ನನ್ನ ಹೆಂಡತಿ ಕಾಫಿ ಕೊಟ್ಟಳು. ಕುಡಿದು ಹೋದಳು.

ಬೀದಿಯಲ್ಲಿ ಇನ್ನೂ ಮೂರ್ನಾಲ್ಕು ತಿಪ್ಪೆಗಳಿದ್ದವು. ಅವಕ್ಕೆ ನೋಟಿಸಿಲ್ಲ, ಆ ಮನೆಗಳಲ್ಲಿ ಜನ ಇದ್ದರು, ವೋಟು ಇದ್ದವು. ನಮ್ಮ ಪಂಚಾಯತ್ ರಾಜ್ ಕಾಯ್ದೆಯಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಗೆಲ್ಲುವುದು ಸೋಲುವುದು ಎರಡು ಮೂರು ದೊಡ್ಡ ಮನೆತನಗಳ ಮೇಲೆ. ಅಂಥವರ ಕೈಗೆ ದಂಡ ಕೊಟ್ಟು ಬೀದಿ ಸರಿ ಮಾಡಿ ಎಂದರೆ ಏಟು ಬೀಳುವುದು ತಿರುಗಿಸಿ ಹೊಡೆಯಲಾರದವರ ಮೇಲೆ. ಇದು ನನಗೆ ಹೊಳೆಯದ ವಿಷಯವೇನಲ್ಲ, ಹುಟ್ಟಿ ಬೆಳೆದ ಊರು. ಆದರೂ ಅರ್ಜಿ ಬರೆಯುವಾಗ ಬೆಂಗಳೂರಿನ ಮನುಷ್ಯನಾಗಿ ಬರೆದೆ.

ಚಿಕ್ಕವ್ವ ಒಂದು ಹಸು ಮಾರಿದಳು. ಡೇರಿ ಬಟವಾಡೆ ಅರ್ಧಕ್ಕಿಳಿಯಿತು. ತಿಪ್ಪೆ ಹೋಯಿತು. ವಾಸನೆ ಹೋಗಲಿಲ್ಲ, ಸೊಳ್ಳೆಯೂ ಹೋಗಲಿಲ್ಲ.

ನಮ್ಮ ಬೀದಿಯವನೇ ಒಬ್ಬ ಗಾರೆ ಕೆಲಸದವನು, ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಚರಂಡಿಯ ಎರಡು ತುದಿಯ ಮಟ್ಟ ನೋಡಿ ನಕ್ಕ. ‘ವಾಟನೇ ಇಲ್ವಲ್ಲಣ್ಣ, ನೀರು ಎಂಗೋಯ್ತದೆ?’ ನೀರು ಹೊರಡಬೇಕಾದ ತುದಿಗಿಂತ ಸೇರಬೇಕಾದ ತುದಿ ಒಂದು ಗೇಣು ಎತ್ತರದಲ್ಲಿತ್ತು. ಬೇರೆ ಬೇರೆ ವರ್ಷ, ಬೇರೆ ಬೇರೆ ಅನುದಾನ, ಬೇರೆ ಬೇರೆ ಗುತ್ತಿಗೆದಾರರು ತುಂಡು ತುಂಡಾಗಿ ಕಟ್ಟಿದ ಚರಂಡಿ. ಮಧ್ಯೆ ಸಿಸಿ ರಸ್ತೆ ಬೇರೆ ಎದ್ದಿತ್ತು. ಇಡೀ ಬೀದಿಯ ಬಚ್ಚಲ ನೀರು, ನಮ್ಮ ಮನೆಯದ್ದೂ ಸೇರಿ, ಹೋಗಲು ದಾರಿಯಿಲ್ಲದೆ ಅಲ್ಲೇ ಕೊಳೆಯುತ್ತಿತ್ತು.

ಆಮೇಲೆ ರತ್ಲಾಮ್ ತೀರ್ಪನ್ನು ಮತ್ತೆ ಓದಿದೆ, ಈ ಸಲ ನನಗೆ ಬೇಕಾದ ಸಾಲಿಗಾಗಿ ತಡಕಾಡದೆ. ಅಲ್ಲಿ ಬೀದಿ ಹೊಲಸು ಮಾಡುತ್ತಿದ್ದವರಲ್ಲಿ ಪಕ್ಕದ ಕೊಳೆಗೇರಿಯ ಬಡವರೂ ಇದ್ದರು, ಅವರಿಗೆ ಪಾಯಿಖಾನೆ ಇರಲಿಲ್ಲ. ಆದೇಶ ಅವರ ಮೇಲೆ ಆಗಲಿಲ್ಲ. ಕಟ್ಟಿಕೊಡಬೇಕಾದ ಪುರಸಭೆಯ ಮೇಲಾಯಿತು. ಆ ತೀರ್ಪನ್ನೇ ಹಿಡಿದು ನಾನು ಚಿಕ್ಕವ್ವನ ಮೇಲೆ ನೋಟಿಸು ತಂದಿದ್ದೆ.

ಆಗ ನರೇಗಾದಲ್ಲೇ ಮನೆಮನೆಗೆ ಬಚ್ಚಲುಗುಂಡಿ ತೋಡಿಸಿಕೊಳ್ಳಬಹುದಿತ್ತು, ಗೊಬ್ಬರದ ಗುಂಡಿಯೂ ಸಿಗುತ್ತಿತ್ತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ದಂಡ ಹಾಕಲು ಕೈ ನಡುಗುವ ಪಂಚಾಯ್ತಿಗೆ ಕಾಮಗಾರಿ ಮಾಡುವುದರಲ್ಲಿ ಉತ್ಸಾಹಕ್ಕೇನೂ ಕೊರತೆಯಿಲ್ಲ. ಕಾರಣ ಏನೇ ಇರಲಿ, ಅದನ್ನಾದರೂ ಬಳಸಿಕೊಳ್ಳಬಹುದಿತ್ತು.

ಮುಂದಿನ ವಾರ್ಡ್ ಸಭೆಗೆ ಬೀದಿಯವರು ಒಟ್ಟಾಗಿ ಹೋದೆವು, ಗಾರೆಯವನೂ ಪೈಪು ತಂದಿದ್ದ. ವಾಟ ಸರಿಪಡಿಸಿ ಚರಂಡಿ ಕಟ್ಟುವುದು ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿದೆವು. ಅರ್ಧ ಆಗಿದೆ. ಉಳಿದರ್ಧ ಒಬ್ಬರ ಕಬ್ಬಿನ ಗದ್ದೆಯ ಬದುವಿನಲ್ಲಿ ಹೋಗಬೇಕು, ಅವರು ಒಪ್ಪಿಲ್ಲ. ಅವರ ಮೇಲೆ ಅರ್ಜಿ ಹಾಕು ಎಂದು ಬೀದಿಯವರೇ ನನ್ನನ್ನು ಹುರಿದುಂಬಿಸುತ್ತಿದ್ದಾರೆ. ಬೀದಿಯ ಕೊಳಚೆ ನನ್ನ ಗದ್ದೆಗೇ ಯಾಕೆ ಎನ್ನುವುದರಲ್ಲಿ ಅವರದ್ದೇನು ತಪ್ಪು? ಪೈಪು ಹೂತುಹಾಕಿದರೆ ಆದೀತೇನೋ ಎಂದು ಗಾರೆಯವನು ಹೇಳುತ್ತಾನೆ. ಕಬ್ಬು ಕಟಾವಾದ ಮೇಲೆ ಅವನನ್ನೂ ಕರೆದುಕೊಂಡು ಕೇಳಲು ಹೋಗಬೇಕು.

ಚಿಕ್ಕವ್ವನಿಗೆ ನಾನು ಇನ್ನೂ ಹೇಳಿಲ್ಲ. ಊರಲ್ಲಿ ಇಂಥದ್ದು ಗುಟ್ಟಾಗಿ ಉಳಿಯುವುದಿಲ್ಲ, ಆಕೆಗೆ ಗೊತ್ತಿರಬೇಕು. ಈಗಲೂ ಪಂಚಾಯ್ತಿಯಿಂದ ಕಾಗದ ಬಂದರೆ ಪಕ್ಕದ ಮನೆಯ ಹುಡುಗನ ಹತ್ತಿರ ಓದಿಸುತ್ತಾಳೆ.