ಮ್ಯಾನೇಜರ್ ಸಾಹೇಬ್ರ ಕಾಫಿ

ಯಶವಂತಪುರದ ಪಕ್ಕದ ಮತ್ತಿಕೆರೆಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಮ್ಯಾನೇಜರ್ ಬಂದ್ರು, ಕಾಫಿ ಎಲ್ಲಿ?" ಅನ್ನುವುದು ಅವರ ನಿತ್ಯದ ತಮಾಷೆ. "ಬಂದೆ ಸಾಹೇಬ್ರೇ" ಅನ್ನುವುದು ಅಮ್ಮನ ಪಾಲು. ನನಗೂ ತಂಗಿಗೂ ಅದು ಕೇಳಿ ಕೇಳಿ ಸಾಕಾಗಿತ್ತು.

ಈಟಿವಿ ಕನ್ನಡದಲ್ಲಿ 'ಪಾಪ ಪಾಂಡು' ಬರುತ್ತಿದ್ದ ಕಾಲ ಅದು. ಶ್ರೀಮತಿ ಕೈಲಿ ಪಾಂಡು ಒದೆ ತಿನ್ನುವುದು ಖಚಿತ ಅಂತ ಗೊತ್ತಿದ್ದೂ ದಿನಾ ಕಾಯುತ್ತಿದ್ದೆವು. ಒಂದು ದಿನ ಹಾಗೆ ನಗುತ್ತಾ ಕೂತಿದ್ದಾಗ ಅಪ್ಪ ಬಂದರು. ಚಪ್ಪಲಿ ಬಿಟ್ಟರು, ಏನೂ ಹೇಳಲಿಲ್ಲ. ನಮ್ಮ ಪಕ್ಕ ಕೂತು ಟಿವಿ ನೋಡಿ ನಕ್ಕರು. ನಾವು ನಿಲ್ಲಿಸಿದ ಮೇಲೂ ಸ್ವಲ್ಪ ನಕ್ಕರು. ಅಮ್ಮ ತಾನಾಗಿಯೇ ಲೋಟ ತಂದು, "ತಗೊಳ್ಳಿ ಮ್ಯಾನೇಜರ್ ಸಾಹೇಬ್ರೇ" ಅಂದಳು.

"ಮ್ಯಾನೇಜರ್ ರಾಜೀನಾಮೆ ಕೊಟ್ರು ಕಣೇ" ಅಂದರು ಅಪ್ಪ.

ಅಮ್ಮ ಜೋರಾಗಿ ನಕ್ಕಳು. ಆಮೇಲೆ ಅವರ ಮುಖ ನೋಡಿದಳು. ವರ್ಕ್‌ಶಾಪು ಮುಚ್ಚಿತ್ತು.

ಎಷ್ಟೋ ವರ್ಷಗಳ ನಂತರ, ಕಾಲೇಜಿನಲ್ಲಿ ಮನೆಮಂದಿಯ ಹಾಸ್ಯ ಧಾರಾವಾಹಿಗೆ ಒಂದು ಕಂತು ಬರೆದು ತರಲು ಹೇಳಿದಾಗ ನಾನು ಇದನ್ನೇ ಬರೆದೆ. ಮೊದಲರ್ಧ ಬರೀ ಜೋಕು. ಆಮೇಲೆ ಮಳೆ, ಕರೆಂಟು ಹೋದ ಮನೆ, ಗೋಡೆಗೆ ಒರಗಿ ಅಳುವ ಅಪ್ಪ. ಹೆಮ್ಮೆಯಿಂದ ಅವರಿಗೇ ಓದಲು ಕೊಟ್ಟೆ. ಓದಿ, ಕನ್ನಡಕ ತೆಗೆದು, "ನಾನು ಇಷ್ಟು ಅತ್ತಿದ್ನೇನೋ?" ಅಂದರು. ಬೇಜಾರಿನಿಂದಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದರು. ನನಗೆ ನಾಚಿಕೆಯಾಯಿತು.

ಹಾಸ್ಯಕ್ಕೆ ಅರ್ಧ, ದುಃಖಕ್ಕೆ ಅರ್ಧ ಅಂತ ತೂಕ ಹಾಕಿದ್ದೇ ನನ್ನ ತಪ್ಪು. ಇಂಥ ಧಾರಾವಾಹಿಗಳ ಬಲವೇ ಪುನರಾವರ್ತನೆ. ಪಾಂಡುವಿನ ಭಯ ನಮಗೆ ಗೊತ್ತು. 'ಸಿಲ್ಲಿ ಲಲ್ಲಿ'ಯಲ್ಲಿ ರವಿಶಂಕರ್ ಗೌಡ ಮಾಡಿದ ಡಾಕ್ಟರ್ ವಿಠಲ್ ರಾವ್ ತನ್ನನ್ನು ತಾನೇ ಹೊಗಳಿಕೊಳ್ಳುವ ರೀತಿ ಗೊತ್ತು. ಆ ವಿಠಲ್ ರಾವ್ ಒಂದು ದಿನ ಹೊಗಳಿಕೊಳ್ಳದೆ ಸುಮ್ಮನೆ ಕೂತರೆ ಸಾಕು, ಹಿನ್ನೆಲೆಯಲ್ಲಿ ಪಿಟೀಲು ಬೇಕಿಲ್ಲ, ನೋಡುವವರಿಗೆ ಏನೋ ಆಗಿದೆ ಅಂತ ತಿಳಿಯುತ್ತದೆ. ದಿನಾ ನಗಿಸಿದ ಅಭ್ಯಾಸವೇ ಆ ದಿನ ದುಃಖ ಹೇಳುತ್ತದೆ. ಅದಕ್ಕೆ ಬೇರೆ ದೃಶ್ಯ ಕಟ್ಟಬೇಕಿಲ್ಲ.

'ಸಿಲ್ಲಿ ಲಲ್ಲಿ' ನಿರ್ದೇಶಿಸಿದ ವಿಜಯಪ್ರಸಾದ್ ಮುಂದೆ 2016ರಲ್ಲಿ 'ನೀರ್ ದೋಸೆ' ಮಾಡಿದಾಗ ಜಗ್ಗೇಶ್ ಕೈಗೆ ಹೆಣ ಸಾಗಿಸುವ ಗಾಡಿ ಕೊಟ್ಟರು. ಚಾಲಕನ ಬಾಯಲ್ಲಿ ಪೋಲಿ ಮಾತು, ಹಿಂದೆ ಸಾವು. ಎರಡಕ್ಕೂ ಒಂದೇ ಗಾಡಿ. 'ಪಾಪ ಪಾಂಡು' ಕೊಟ್ಟ ಚಂದ್ರು ಅವರ ಹೆಸರಿನ ಹಿಂದೆಯೂ ದೂರದರ್ಶನದ ಹಳೆಯ ಧಾರಾವಾಹಿಯೊಂದು ಅಂಟಿಕೊಂಡಿದೆ: 'ಸಿಹಿಕಹಿ'. ಪತ್ನಿ ಗೀತಾ ಅವರ ಹೆಸರಿಗೂ ಅದೇ. ನಡುವೆ 'ಮತ್ತು' ಕೂಡ ಇಲ್ಲದೆ ಒಂದೇ ಉಸಿರಿನಲ್ಲಿ ಹೇಳುವ ಪದ ಅದು.

ಕಂತನ್ನು ಮತ್ತೆ ಬರೆದೆ. ಮಳೆ ತೆಗೆದೆ, ಅಳು ತೆಗೆದೆ. ಚಪ್ಪಲಿ, ಟಿವಿ, ಕಾಫಿ ಲೋಟ, ಅಪ್ಪನ ಆ ಒಂದು ಮಾತು, ಇಷ್ಟೇ ಉಳಿಸಿದೆ. ಅಪ್ಪ ಓದಿ ಏನೂ ಹೇಳದೆ ಅಮ್ಮನ ಕೈಗೆ ಕೊಟ್ಟರು. ಅಮ್ಮ ಅದೇ ಜಾಗಕ್ಕೆ ಬಂದಾಗ ಅಂದಿನಂತೆಯೇ ಜೋರಾಗಿ ನಕ್ಕಳು. ಆಮೇಲೆ ಹಾಳೆಗಳನ್ನು ಮಡಚಿಟ್ಟು, "ಕಾಫಿ ಮಾಡ್ತೀನಿ" ಅಂತ ಒಳಗೆ ಹೋದಳು. ಸುಮಾರು ಹೊತ್ತು ಹೊರಗೆ ಬರಲಿಲ್ಲ.