ದ್ವೀಪದ ಋತುಗಳೂ ನಮ್ಮ ನಾಡಿನ ಬಾಯಾರಿಕೆಯೂ

ಸುತ್ತಲೂ ನೀರಿನಿಂದ ಆವರಿಸಲ್ಪಟ್ಟ ಭೂಭಾಗವೇ ದ್ವೀಪವೆಂದು ನಾವು ಬಹು ವರ್ಷಗಳಿಂದ ಹುಡುಗಿಯರಿಂದ ಬಾಯಿಪಾಠ ಮಾಡಿಸುತ್ತ ಬಂದಿದ್ದೆವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಆ ಮಕ್ಕಳು ಅದನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಆದರೆ ದ್ವೀಪವನ್ನು ಅವರೂ ಕಂಡಿರಲಿಲ್ಲ, ನಾವೂ ಕಂಡಿರಲಿಲ್ಲ. ಈ ಕೊರತೆಯನ್ನು ನೀಗಬೇಕೆಂದು 2024ನೆಯ ಇಸವಿಯ ಜನವರಿಯಲ್ಲಿ ಒಂಬತ್ತನೆಯ ತರಗತಿಯವರೊಡನೆ ಉಡುಪಿಯ ಬಳಿಯ ಮಲ್ಪೆಗೆ ಹೋಗಿ, ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ತೆರಳಿದೆವು.

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವು ಸಾರಿದ್ದುದನ್ನು ವಾಚಕರು ಮರೆತಿರಲಾರರು. ನಮ್ಮೊಡನೆ ಬಂದವರಲ್ಲಿ ಒಬ್ಬ ಹುಡುಗಿಯ ತಂದೆತಾಯಿಗಳು ಗುಳೆ ಹೋಗಿದ್ದರು. ವರ್ಷದ ಕೊನೆಗೆ ಅವಳನ್ನು ಶಾಲೆ ಬಿಡಿಸುವುದಾಗಿ ಅಜ್ಜಿ ನಮಗೆ ತಿಳಿಸಿದ್ದರು. ಹೊರಡುವಾಗ ಅವಳ ಚೀಲದಲ್ಲಿ ಮೂರು ಬಾಟಲಿ ನೀರನ್ನು ಕಂಡು, "ಸಮುದ್ರಕ್ಕೆ ಹೋಗುವವರಿಗೆ ಇಷ್ಟು ಹೊರೆಯೇಕೆ?" ಎಂದು ನಾವು ಗದರಿದೆವು.

ದ್ವೀಪದಲ್ಲಿ ಕರಿಯ ಕಲ್ಲಿನ ಕಂಬಗಳೂ ತೆಂಗಿನ ಮರಗಳೂ ಉಂಟು, ಜನವಸತಿಯಿಲ್ಲ. ನೀರು ಮೆಲ್ಲನೆ ಕಾಯ್ದು ಮೆಲ್ಲನೆ ಆರುವುದರಿಂದ ಅಲ್ಲಿ ಬೇಸಗೆಗೂ ಚಳಿಗಾಲಕ್ಕೂ ಹೆಚ್ಚಿನ ಅಂತರವಿಲ್ಲ. ಏಪ್ರಿಲಿನಲ್ಲಿ ನಮ್ಮ ಬಯಲು 40 ಡಿಗ್ರಿಗೆ ಕಾಯುವಾಗಲೂ ಆ ಕಡಲತೀರ ಅಷ್ಟು ಕಾಯದು. ಆದರೆ ಬೆವರು ಆರದು. ಜನವರಿಯ ಬಿಸಿಲೂ ಸುಮ್ಮನಿರಲಿಲ್ಲ. ನಡುಹಗಲಿಗೆ ಎಲ್ಲರ ನೀರೂ ತೀರಿತು. ಆಗ ಆ ಹುಡುಗಿ ತನ್ನ ಬಾಟಲಿಗಳನ್ನು ತೆಗೆದು ಗೆಳತಿಯರಿಗೆ ಗುಟುಕು ಗುಟುಕಾಗಿ ಹಂಚಿ, "ಸುತ್ತ ಎಷ್ಟ್ ನೀರಿದ್ದರೇನ್ ಟೀಚರ್, ಕುಡಿಯಾಕ ಬರಂಗಿಲ್ಲಲ್ರೀ" ಎಂದಳು. ಗದರಿದ ನಾವೂ ಆ ನೀರನ್ನೇ ಕುಡಿದೆವು.

ಮರಳುವ ದಾರಿಯಲ್ಲಿ ಮಕ್ಕಳಿಗೆ ಉಳಿದ ಪಾಠವನ್ನು ಹೇಳಿದೆವು. ಜೂನಿನಲ್ಲಿ ಅರಬ್ಬೀ ಸಮುದ್ರದಿಂದ ಏಳುವ ಗಾಳಿ ಆ ದ್ವೀಪದ ದೋಣಿಗಳನ್ನು ನಿಲ್ಲಿಸಿ, ಘಟ್ಟಕ್ಕೆ ತಾಗಿ ಮೇಲೇರಿ, ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಸುತ್ತದೆ. ಘಟ್ಟವಿಳಿದು ನಮ್ಮತ್ತ ಬರುವಷ್ಟರಲ್ಲಿ ಅದೇ ಗಾಳಿ ಬರಿದಾಗಿರುತ್ತದೆ. ನಮಗೆ ದೊರೆಯುವುದು ಸುಮಾರು 600 ಮಿಲಿಮೀಟರು. ಅದರಲ್ಲಿಯೂ ಉಳಿದ ತಿಂಗಳುಗಳಿಗಿಂತ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ. ಆ ಎರಡು ತಿಂಗಳು ತಪ್ಪಿದರೆ ಜೋಳವೂ ಇಲ್ಲ, ಮೇವೂ ಇಲ್ಲ.

ಊರಿಗೆ ಬಂದ ಮೇಲೆ ಅಜ್ಜಿಯ ಮನೆಗೆ ಎರಡು ಸಾರಿ ಹೋದೆವು. ಕೆಲವು ಹಳೆಯ ವಿದ್ಯಾರ್ಥಿನಿಯರು ಹುಡುಗಿಯ ಊಟ, ವಸತಿಗಳ ಭಾರ ಹೊತ್ತರು, ಅಜ್ಜಿ ಒಪ್ಪಿದರು. 2025ರಲ್ಲಿ ಅವಳು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದಳು. ಶಾಲೆಯ ಮಾಳಿಗೆಯ ಮಳೆನೀರು ಈಗ ತೊಟ್ಟಿಗೆ ಇಳಿಯುತ್ತದೆ.

ಪೋಷಕರೇ, ಮಳೆ ಬಾರದ ವರ್ಷಗಳು ಇನ್ನೂ ಬರುವುವು. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಬರ ಬಂದಾಗ ಎಲ್ಲಕ್ಕೂ ಮೊದಲು ಹೆಣ್ಣುಮಗಳ ಶಾಲೆಯನ್ನೇ ನಿಲ್ಲಿಸಬೇಡಿರಿ. ನಮಗೆ ತಿಳಿಸಿರಿ; ನಾವು ನಿಮ್ಮ ಮನೆಯ ಬಾಗಿಲಿಗೆ ಬರುವೆವು.